ಹೊಸ್ತಿಲಲ್ಲಿ ಎಷ್ಟು ಕಡ್ಡಿ

ಕಣವಿಹಾಳದಲ್ಲಿ ರೇಷನ್ನಿನ ತಕ್ಕಡಿ ಊರೊಳಗಿತ್ತು, ಹೆಬ್ಬೆಟ್ಟು ಒತ್ತುವ ಜಾಗ ಮಾತ್ರ ಗುಡ್ಡದ ಮೇಲಿತ್ತು.

ಸುರೇಬಾನದಿಂದ ಏಳು ಕಿಲೋಮೀಟರ್ ಒಳಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಕೂತ ಊರು ಅದು. ಮೊಬೈಲ್ ಟವರು ಗುಡ್ಡದ ಆಚೆಗೆ, ದೊಡ್ಡ ರಸ್ತೆಯ ಬದಿಗಿತ್ತು. ಅದರ ರೇಂಜ್ ಊರಿನ ತಲೆಯ ಮೇಲಿಂದ ಹಾದು ಹೋಗುತ್ತಿತ್ತೇ ಹೊರತು ಕೆಳಗಿಳಿದು ಮನೆಗಳಿಗೆ ಬರುತ್ತಿರಲಿಲ್ಲ. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಅಗಲವಾದ ಒಂದು ಹಾಸುಗಲ್ಲು, ಅದರ ಮಗ್ಗುಲಿಗೆ ಒಂದು ಬೇವಿನ ಮರ. ಅಲ್ಲಿ ಹೋಗಿ ನಿಂತರೆ ಮಾತ್ರ ಫೋನಿನಲ್ಲಿ ರೇಂಜಿನ ನಾಲ್ಕೂ ಕಡ್ಡಿ ಏಳುತ್ತಿದ್ದವು.

ಹೀಗಾಗಿ ಪ್ರತಿ ತಿಂಗಳು ರೇಷನ್ ಬಂದ ದಿನ, ನ್ಯಾಯಬೆಲೆ ಅಂಗಡಿಯ ಮೆಹಬೂಬಸಾಬ ಹೆಬ್ಬೆಟ್ಟಿನ ಯಂತ್ರವನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದ. ಆ ಚೀಲವನ್ನು ಅವನ ಹೆಂಡತಿ ಜುಬೇದಾಬಿ ಯಂತ್ರದ ಅಳತೆಗೆ ಸರಿಯಾಗಿ ಹೊಲಿದಿದ್ದಳು. ಅವನ ಹಿಂದೆ ಊರೂ ಹತ್ತುತ್ತಿತ್ತು. ಮೇಲೆ ಹೆಬ್ಬೆಟ್ಟು ಒತ್ತಿ, ಚೀಟಿ ಹಿಡಿದು, ಕೆಳಗಿಳಿದು ಬಂದು ಅಕ್ಕಿ ತೂಗಿಸಿಕೊಳ್ಳಬೇಕು.

ಎಲ್ಲರಿಗಿಂತ ಮೊದಲು ಹೊರಡುತ್ತಿದ್ದವಳು ಮರೆವ್ವ. ಎಂಬತ್ತು ದಾಟಿದ ಜೀವ. ಸ್ವಂತದವರು ಯಾರೂ ಇಲ್ಲದ ಕಾರಣ ಅವಳ ಕಾರ್ಡಿನಲ್ಲಿ ಇದ್ದದ್ದು ಅವಳೊಬ್ಬಳ ಹೆಸರು. ಅವಳ ಬದಲಿಗೆ ಇನ್ನೊಬ್ಬರು ಹೆಬ್ಬೆಟ್ಟು ಒತ್ತುವಂತಿರಲಿಲ್ಲ. ನಲವತ್ತು ವರ್ಷ ಆ ಊರಿನ ಸೂಲಗಿತ್ತಿಯಾಗಿದ್ದವಳು. ಈಗ ಊರಿನ ಕಟ್ಟೆಯ ಮೇಲೆ ಕೂತು ಮೀಸೆ ತಿರುವುವ ಬಹಳ ಜನ ಮೊದಲು ಬಿದ್ದದ್ದು ಅವಳ ಕೈಯಲ್ಲೇ. ಬಿಸಿಲೇರುವ ಮೊದಲೇ ಕೋಲೂರಿಕೊಂಡು ಹೊರಟು, ಅಲ್ಲಲ್ಲಿ ಕೂತು, ಎದ್ದು, ಅವಳು ಮೇಲೆ ತಲುಪುವ ಹೊತ್ತಿಗೆ ಮೆಹಬೂಬಸಾಬ ತನ್ನ ಹೆಗಲ ಮೇಲಿನ ಟಾವೆಲ್ಲನ್ನು ಕಲ್ಲಿನ ಮೇಲೆ ಹಾಸಿ ಇಟ್ಟಿರುತ್ತಿದ್ದ.

“ಕಲ್ಲು ಕಾದೈತಿ ಯವ್ವಾ, ಇದರ ಮ್ಯಾಲ ಕುಂದರು.”

“ನಿನ್ನ ಟಾವೆಲ್ ಹೊಲಸ ಆಕ್ಕೈತೋ ಮೆಹಬೂಬಾ.”

“ತೊಳಿಯಾಕಿ ಮನ್ಯಾಗ ಅದಾಳ.”

“ಅಕಿ ಸೊಂಟಾನೂ ಹಿಡಕೊಂಡೈತಿ. ಇವತ್ತ ನೀನ ತೊಳಿ.”

ಅವಳ ಹೆಬ್ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಅವನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಗಿಸಿ, “ಮೆತ್ತಗ ಇಡು, ಒತ್ತಬ್ಯಾಡ” ಎನ್ನುತ್ತಿದ್ದ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಚೀಟಿ ಬರುತ್ತಿತ್ತು. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಇಳಿಯುತ್ತಿದ್ದಳು.

ಊರಿಗೊಂದು ಸಣ್ಣ ಟವರ್ ಬೇಕೆಂದು ಗ್ರಾಮಸಭೆಯಲ್ಲಿ ಅರ್ಜಿ ಬರೆದವಳು ರಾಣಿ, ಮರೆವ್ವನ ಪಕ್ಕದ ಮನೆಯ ಸೊಸೆ. ಪಿಯುಸಿ ಓದಿದ್ದಳು, ಬಟ್ಟೆ ಹೊಲಿಯುತ್ತಿದ್ದಳು. ಪಂಚಾಯಿತಿ ಮೆಂಬರ್ ಸತ್ಯಪ್ಪ ಅರ್ಜಿಯನ್ನು ಎರಡು ಸಲ ಓದಿದ.

“ಸಹಿ ಮಾಡತೇನಿ, ಅದಕ್ಕೇನಿಲ್ಲ. ಆದ್ರ ನಮ್ಮೂರಾಗ ಏನೂ ಇಲ್ಲ ಅನ್ನೂಹಂಗ ಬರದೀಯಲ್ಲವಾ. ಓದಿದವರು ನಕ್ಕಾರು.”

“ಇಲ್ಲದ್ದನ್ನ ಇಲ್ಲ ಅಂತ ಬರದೇನ್ರಿ ಮಾವಾರ. ಇದ್ದಿದ್ದು ಕೇಳಾಕ ಅರ್ಜಿ ಯಾಕ ಬೇಕು?”

ಸತ್ಯಪ್ಪ ಕೆಟ್ಟವನಲ್ಲ. ಊರಿನ ಬಾವಿ ಹೂಳು ತೆಗೆಸಿದವನು, ಸಾಲೆಯ ಮೇಲಿನ ಹಂಚು ತಾನೇ ನಿಂತು ಹೊದಿಸಿದವನು. ಆದರೆ ಹೊರಗಿನವರ ಮುಂದೆ ಊರಿನ ಕೊರತೆ ಆಡಿ ತೋರಿಸುವುದು ಅವನಿಗೆ ಮನೆಯ ಹರಿದ ಬಟ್ಟೆಯನ್ನು ಬೀದಿಯಲ್ಲಿ ಒಣಹಾಕಿದ ಹಾಗೆ ಅನಿಸುತ್ತಿತ್ತು. ಅವನ ಹೊಲ ಇದ್ದದ್ದು ಹಾಸುಗಲ್ಲಿನ ಮಗ್ಗುಲಿಗೇ. ದಿನವೂ ಅಲ್ಲಿ ಇರುತ್ತಿದ್ದವನಿಗೆ ಫೋನಿನ ಕಷ್ಟ ಅಷ್ಟಾಗಿ ತಾಕಿರಲಿಲ್ಲ.

ಯುಗಾದಿ ಕಳೆದ ಮೇಲೆ ರೇಂಜ್ ಅಳೆಯಲು ಸವದತ್ತಿಯಿಂದ ಆಸಿಫ್ ಎಂಬ ತರುಣ ಬಂದ. ಬೈಕಿನ ಹ್ಯಾಂಡಲ್ಲಿಗೆ ಎರಡು ಫೋನು ಕಟ್ಟಿಕೊಂಡಿದ್ದ, ಹುಬ್ಬಿನವರೆಗೂ ಧೂಳು ಮೆತ್ತಿತ್ತು. ಸತ್ಯಪ್ಪ ಅವನಿಗೆ ಮೊದಲು ನೀರು ಕೊಟ್ಟ.

“ಇಲ್ಲಿ ಗಟಾರದ ವಾಸನಿ, ಸೆಕಿ. ಗಾಡಿ ಇಲ್ಲೇ ಬಿಡ್ರಿ ಸಾಹೇಬ್ರ. ಮ್ಯಾಲ ತಂಪ ಐತಿ, ಕುಂತು ಮಾತಾಡೂಣು.”

ಬಂದವರನ್ನು ಹಾಸುಗಲ್ಲಿಗೆ ಕರೆದೊಯ್ಯುವುದು ಕಣವಿಹಾಳದ ರೂಢಿ. ಬೀಗರು ಬಂದರೂ ಅಲ್ಲಿ, ಜನಗಣತಿಯವರು ಬಂದರೂ ಅಲ್ಲಿ. ಬೇವಿನ ನೆರಳು, ಸುತ್ತಲೂ ಗಾಳಿ, ದೂರದಲ್ಲಿ ಮಲಪ್ರಭೆಯ ಬಯಲಿನ ಹಸಿರು. ಊರು ತನ್ನ ಅತ್ಯಂತ ಚೆಂದದ ಜಾಗವನ್ನು ಬಂದವರಿಗೆ ಕೊಡುತ್ತಿತ್ತು. ಅಂದೂ ಕಂಬಳಿ ಹಾಸಿದರು. ಸತ್ಯಪ್ಪನ ಮನೆಯಿಂದ ಉಪ್ಪಿಟ್ಟು ಬಂತು. ಮೆಹಬೂಬಸಾಬ ಚಹಾದ ಕೆಟಲ್ ಹಿಡಿದು ಬಂದ.

ಆಸಿಫ್ ಫೋನುಗಳನ್ನು ಕಲ್ಲಿನ ಮೇಲಿಟ್ಟು ನೋಡಿದ. “ರೇಂಜ್ ಭಾರಿ ಚಲೋ ಐತಲ್ರಿ ಇಲ್ಲಿ.”

“ಬೆಳಗಾವಿಗೆ ಹಚ್ಚಿದ್ರ ಮಗ್ಗಲಕ ಕುಂತು ಮಾತಾಡಿದಂಗ ಕೇಳತೈತ್ರಿ” ಎಂದ ಸತ್ಯಪ್ಪ. ಅವನ ಮುಖ ಅರಳಿತ್ತು.

“ಊರಾಗೂ ಹಿಂಗ ಐತೇನ್ರಿ?”

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿತ್ತು. ಆದರೆ ತಟ್ಟೆಯಲ್ಲಿ ಉಪ್ಪಿಟ್ಟು ಹಬೆಯಾಡುತ್ತಿತ್ತು, ಬಂದವನು ಊರನ್ನು ಹೊಗಳಿದ್ದ. “ಐತ್ರಿ, ಐತ್ರಿ. ಅಲ್ಲೊಂದಿಲ್ಲೊಂದು ಕಡೆ ಹೆಚ್ಚು ಕಡಿಮಿ. ತಿನ್ರಿ, ಆರತೈತಿ” ಎಂದುಬಿಟ್ಟ ಸತ್ಯಪ್ಪ.

ಚಹಾ ಬಗ್ಗಿಸುತ್ತಿದ್ದ ಮೆಹಬೂಬಸಾಬನ ಕೈ ನಿಂತಿತು. ಬಾಯಿ ತೆರೆದ. ಬಂದವರೆದುರು ಮೆಂಬರನ ಮಾತಿಗೆ ಅಡ್ಡ ಹೇಳುವುದು ಹೇಗೆಂದು ಮತ್ತೆ ಮುಚ್ಚಿಕೊಂಡ. ಆಸಿಫ್ ಗಡಿಯಾರ ನೋಡಿದ. ಅಂದು ಅವನಿಗೆ ಇನ್ನೂ ಎಂಟು ಊರು ಉಳಿದಿದ್ದವು. ಕಲ್ಲಿನ ಸುತ್ತಲೇ ಓಡಾಡಿ ಅಳತೆ ಮುಗಿಸಿ, ಕಾಗದದ ಕೆಳಗೆ ಸತ್ಯಪ್ಪನ ಸಹಿ ತೆಗೆದುಕೊಂಡು ಇಳಿದು ಹೋದ.

ಮಳೆಗಾಲದ ಮೊದಲಿಗೆ ಸತ್ಯಪ್ಪನ ಹೆಸರಿಗೆ ಒಂದು ಲಕೋಟೆ ಬಂತು. ಹೊಲದಲ್ಲಿ ಒಬ್ಬನೇ ಕೂತು ಓದಿದ. ಮಡಚಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡ. ಕೇಳಿದವರಿಗೆ, “ಫೈಲು ಮ್ಯಾಲ ಹೋಗೇತಿ, ತಡ ಆಕ್ಕೈತಿ” ಎನ್ನತೊಡಗಿದ.

ಆಷಾಢದ ಜಿಟಿಜಿಟಿ ಮಳೆಯಲ್ಲಿ, ರೇಷನ್ನಿನ ದಿನ, ಮರೆವ್ವ ಅರ್ಧ ದಾರಿಯಲ್ಲಿ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಮೊಣಕಾಲು ಬಾತಿತು. ಮುಂದಿನ ತಿಂಗಳೂ ಅವಳಿಗೆ ಗುಡ್ಡ ಹತ್ತಲಾಗಲಿಲ್ಲ. ಹೊತ್ತುಕೊಂಡು ಹೋಗುತ್ತೇವೆಂದು ರಾಣಿಯ ಗಂಡ ಇನ್ನೊಬ್ಬನನ್ನು ಕರೆದುಕೊಂಡು ಬಂದಾಗ ಅವಳು ಕೈ ಅಡ್ಡ ಹಿಡಿದಳು.

“ಮಂದಿ ಹೆಗಲ ಮ್ಯಾಲ ಹೋಗೂದು ಒಮ್ಮೆ ಅಷ್ಟ. ಅದಕ್ಕ ಅವಸರ ಮಾಡಬ್ಯಾಡ್ರಿ.”

ಎಲ್ಲರೂ ನಕ್ಕರು. ಮೆಹಬೂಬಸಾಬ ನಗಲಿಲ್ಲ. ಹೀಗೆ ತಿಂಗಳುಗಟ್ಟಲೆ ಧಾನ್ಯ ಎತ್ತದಿದ್ದರೆ ಕಾರ್ಡು ಬಂದ್ ಆದೀತೆಂಬ ಮಾತು ರಾಮದುರ್ಗದ ಕಚೇರಿಯಲ್ಲಿ ಅವನ ಕಿವಿಗೆ ಬಿದ್ದಿತ್ತು. ಆ ಸಂಜೆ ಅವನು ಅದನ್ನು ಸತ್ಯಪ್ಪನಿಗೆ ಹೇಳಿದ.

ಮರುದಿನ ಮುಂಜಾನೆ ಸತ್ಯಪ್ಪ ತನ್ನ ಮನೆಯ ಅಕ್ಕಿಯ ಚೀಲವೊಂದನ್ನು ತಂದು ಮರೆವ್ವನ ಮನೆಯೊಳಗೆ ಇಳಿಸಿದ. ಒಂದೇ ಕೋಣೆಯ ಮನೆ. ತಗ್ಗಿದ ಸೂರು, ಮೂಲೆಯಲ್ಲಿ ಒಲೆ. ರಾಣಿ ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಇದು ಯಾರದೋ ಸತ್ಯಾ?”

“ನಮ್ಮನೀದು. ಇಟ್ಟಕೊಳಾ ಯವ್ವಾ.”

“ನಾ ಹಸದಿಲ್ಲಪಾ. ಇಕಿ ರೊಟ್ಟಿ ಕೊಡತಾಳ, ಜುಬೇದಾ ಸಾರು ಕೊಡತಾಳ. ಉಣ್ಣಾಕ ಕಡಿಮಿಲ್ಲ. ಆದ್ರ ಸರಕಾರದ ಪಟ್ಟೀ ಒಳಗ ನನ್ನದೂ ಒಂದು ಹೆಸರು ಐತಿ. ನಾ ಇನ್ನೂ ಅದೇನಿ ಅಂತ ತಿಂಗಳಿಗೊಮ್ಮೆ ಹೇಳಿ ಬರತಿದ್ದೆ. ಅದನ್ನ ನೀ ಚೀಲದಾಗ ತರಾಕ ಆಗೂದಿಲ್ಲ.” ಅವಳು ಚೀಲವನ್ನು ಕೋಲಿನಿಂದ ಅತ್ತ ಸರಿಸಿ ಕೇಳಿದಳು. “ಟವರಿನ ಕಾಗದ ಏನಾತೋ?”

ಊರಿಗೆಲ್ಲ ಹೇಳಿದ ಮಾತು ಅವಳ ಮುಂದೆ ಸತ್ಯಪ್ಪನ ಬಾಯಿಗೆ ಬರಲಿಲ್ಲ. ಕಿಸೆಯಿಂದ ಲಕೋಟೆ ತೆಗೆದ. ಬೆವರಿಗೆ ಅದು ಬಟ್ಟೆಯಂತೆ ಮೆತ್ತಗಾಗಿತ್ತು. ರಾಣಿ ಕೈಯ ಎಣ್ಣೆ ಒರೆಸಿಕೊಂಡು ಗಟ್ಟಿಯಾಗಿ ಓದಿದಳು: ಕಣವಿಹಾಳದಲ್ಲಿ ಸ್ಥಳ ಪರಿಶೀಲನೆ ನಡೆಸಲಾಗಿದೆ, ಅಳೆದ ಮೂರೂ ಕಡೆ ರೇಂಜ್ ಉತ್ತಮವಾಗಿದೆ, ಸ್ಥಳೀಯ ಪ್ರತಿನಿಧಿಯೂ ದೃಢಪಡಿಸಿದ್ದಾರೆ, ಆದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

“ಸ್ಥಳೀಯ ಪ್ರತಿನಿಧಿ ಅಂದ್ರ ಯಾರವಾ?” ಎಂದಳು ಮರೆವ್ವ.

ರಾಣಿ ಕಾಗದದಿಂದ ತಲೆ ಎತ್ತಲಿಲ್ಲ. “ಮಾವಾರು.”

ಒಲೆಯಲ್ಲಿ ಹಸಿ ಕಟ್ಟಿಗೆ ಸುಯ್ ಎನ್ನುತ್ತಿತ್ತು.

“ಅವನ್ನ ಇಲ್ಲಿಗ್ಯಾಕ ಕರಕೊಂಡು ಬರಲಿಲ್ಲೋ?” ಮರೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು.

“ಹೊಗಿ ಐತಿ, ಸೆಕಿ ಐತಿ, ಒಂದು ಖುರ್ಚಿ ಇಲ್ಲ. ಮೊದಲನೇ ಸಲ ಊರಿಗೆ ಬಂದವನ್ನ ಇಲ್ಲಿ ಹೆಂಗ ಕುಂದ್ರಸಲಿ ಯವ್ವಾ?”

“ನೀನೂ ಈ ಊರಿಗೆ ಒಂದಿನ ಮೊದಲನೇ ಸಲಾನ ಬಂದೀಪಾ. ನಿನ್ನ ನಾ ಗಾಳಿ ಬರೂ ಜಾಗಾ ನೋಡಿ ಹಿಡಕೊಂಡಿಲ್ಲ. ಹಿಂತಾದ ಕ್ವಾಣಿ, ಹಿಂತಾದ ಹೊಗಿ.”

ಸತ್ಯಪ್ಪ ಎದ್ದು ಹೋದ. ಅಕ್ಕಿಯ ಚೀಲವನ್ನೂ ಎತ್ತಿಕೊಂಡೇ ಹೋದ. ಅದನ್ನು ಅಲ್ಲಿ ಬಿಟ್ಟು ಹೋಗಬಾರದೆಂಬುದು ಅವನಿಗೆ ತಿಳಿದಿತ್ತು.

ಸೋಮವಾರ ಅವನು ರಾಣಿಯನ್ನೂ ಮೆಹಬೂಬಸಾಬನನ್ನೂ ಕರೆದುಕೊಂಡು ಸವದತ್ತಿಗೆ ಹೋದ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಸಿಫ್‌ನ ಮನೆ. ಊಟಕ್ಕೆ ಕೂತಿದ್ದವನು ಗುರುತು ಹಿಡಿದು ಎದ್ದ. ಕಾಗದ ಓದಿದ ಮೇಲೆ ಮುಖ ಕೆಳಗಾಯಿತು.

“ತಪ್ಪು ನಂದೂ ಐತ್ರಿ ಕಾಕಾ. ಒಂದು ಊರಾಗ ಮೂರು ಕಡೆ ಅಳೀಬೇಕು ಅಂತ ನಿಯಮ. ನಾ ಮೂರೂ ಕಡೆ ಆ ಕಲ್ಲಿನ ಮ್ಯಾಲ ಅಳದೆ. ಕಂಬಳಿ ಹಾಸಿದಲ್ಲಿ ಒಂದು, ಬೇವಿನ ಗಿಡದ ಕೆಳಗ ಒಂದು, ಕೈ ತೊಳಕೊಂಡಲ್ಲಿ ಒಂದು.”

“ಉಪ್ಪಿಟ್ಟು ತಿಂದಿದ್ದಕ್ಕೂ ಒಂದು ಬರಕೋಬೇಕಿತ್ತು” ಎಂದಳು ರಾಣಿ.

ಆಸಿಫ್‌ಗೆ ನಗು ಬಂತು, ತಡೆದುಕೊಂಡ. “ದಿನಕ್ಕ ಹತ್ತು ಊರು ಮುಗಸಬೇಕಕ್ಕಾರ. ಮುಗಸದಿದ್ರ ಮರುದಿನ ನನ್ನ ಬದಲಿ ಬ್ಯಾರೆದವರು ಬರತಾರ. ನಾ ಕೇಳಿದ್ದೆ, ಊರಾಗೂ ಹಿಂಗ ಐತೇನು ಅಂತ.”

“ಕೇಳಿದ್ದಿ” ಎಂದ ಸತ್ಯಪ್ಪ. “ಐತಿ ಅಂದಾಂವ ನಾನು.”

“ನಾನೂ ಅಲ್ಲೇ ಇದ್ದೆ” ಎಂದ ಮೆಹಬೂಬಸಾಬ. “ಚಾ ಬಗ್ಗಿಸಿಕೋತ ನಿಂತಿದ್ದೆ.”

ಆಮೇಲೆ ಆಸಿಫ್ ತಂಗಿಯ ಸಾಲೆಯ ಚೀಲದಿಂದ ಒಂದು ಬರೆಯದ ವಹಿ ತಂದು ಅಳತೆಪಟ್ಟಿಯಿಂದ ಗೆರೆ ಎಳೆದ. ಮನೆ, ತಾರೀಖು, ಹೊತ್ತು, ಎಷ್ಟು ಕಡ್ಡಿ, ಫೋನು ಹತ್ತಿತೋ ಇಲ್ಲವೋ. ಹದಿನೈದು ದಿನ, ದಿನಕ್ಕೆರಡು ಸಲ, ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತು ಬರೆಯಬೇಕು. ಮನೆಯವರ ಸಹಿ ಬೇಕು. ಅದನ್ನು ಇಟ್ಟು ಕೇಳಿದರೆ ಮತ್ತೊಮ್ಮೆ ಅಳೆಯಲೇಬೇಕಾಗುತ್ತದೆ ಎಂದ. ತನ್ನ ಅಳತೆ ತಪ್ಪಿತ್ತೆಂದು ತಾನೂ ಒಂದು ಕಾಗದ ಬರೆದುಕೊಡುತ್ತೇನೆಂದ. ಅದರಿಂದ ಅವನಿಗೇನಾದೀತೆಂದು ಸತ್ಯಪ್ಪ ಕೇಳಿದಾಗ, “ನೋಡೂಣ್ರಿ” ಎಂದಷ್ಟೇ ಹೇಳಿ ಮೂವರಿಗೂ ತಟ್ಟೆ ಹಾಕಿಸಿದ.

ಶ್ರಾವಣದ ಹದಿನೈದು ದಿನ ಕಣವಿಹಾಳದ ಜನ ಒಂದು ಹೊಸ ನೋಟ ನೋಡಿದರು. ಮೆಂಬರ್ ಸತ್ಯಪ್ಪ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ವಹಿ ಹಿಡಿದು ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಮೊದಲ ಮನೆಯಲ್ಲಿ ‘ಇಲ್ಲ’ ಎಂದು ಬರೆಯುವಾಗ ಅವನ ಪೆನ್ನು ಸ್ವಲ್ಪ ತಡೆಯಿತು. ಮೂವತ್ತನೆಯ ಮನೆಗೆ ಬರುವಷ್ಟರಲ್ಲಿ ತಡೆಯುವುದು ನಿಂತಿತ್ತು.

“ಏನ್ರಿ ಮೆಂಬರ್ರ, ಇಲೆಕ್ಷನ್ ಇನ್ನೂ ದೂರ ಐತಲ್ಲ?” ಎಂದಳು ಗುರುಬಸವ್ವ. ಅವಳ ಕಿಟಕಿಯ ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ಫೋನು ತೂಗುತ್ತಿತ್ತು. “ಮುಟ್ಟಬ್ಯಾಡ್ರಿ ಅದನ್ನ. ಆ ಮೊಳಿಗೆ ಒಂದು ಕಡ್ಡಿ ಬರತೈತಿ. ಬಾಜೂಕ ಇನ್ನೊಂದು ಮೊಳಿ ಹೊಡದೆ, ಅದಕ್ಕ ಬರಲಿಲ್ಲ. ಎರಡು ವರ್ಷ ಆತು, ಗ್ವಾಡಿಗೆ ಮುಖಾ ಹಚ್ಚಿ ಮಗನ ಜೋಡಿ ಮಾತಾಡತೇನಿ.”

ಸತ್ಯಪ್ಪ ಆ ಮೊಳೆಯನ್ನೇ ನೋಡಿದ. ಆ ಮನೆಗೆ ನೂರು ಸಲ ಬಂದಿದ್ದ. ಮೊಳೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಜುಬೇದಾಬಿಯ ಬಾಗಿಲಲ್ಲಿ ಅವನು ಹೆಚ್ಚು ಹೊತ್ತು ನಿಂತ. ಅವಳು ಸಹಿ ಮಾಡಿ ಪೆನ್ನು ತಿರುಗಿ ಕೊಡುತ್ತ ಹೇಳಿದಳು: “ಹ್ವಾದ ವರ್ಷ ಸಂಪಗಾಂವದಾಗ ನಮ್ಮಣ್ಣ ತೀರಕೊಂಡ್ರಲ್ಲ, ಮುಂಜಾನೆಯಿಂದ ಹದಿನೇಳು ಸಲ ಫೋನ್ ಹಚ್ಚ್ಯಾರ. ನನಗ ಗೊತ್ತಾಗಿದ್ದು ಕಾಯಿಪಲ್ಲೆ ಮಾರಾಂವ ಬಂದು ಹೇಳಿದಾಗ. ಹೋಗೂದರಾಗ ಮಣ್ಣು ಆಗಿತ್ತು.” ಅವಳು ಯಾರನ್ನೂ ದೂರಲಿಲ್ಲ. “ಚಾ ಮಾಡ್ಲೇನಣ್ಣಾ?” ಎಂದಳು.

ಅವನು ಅಲ್ಲಿಯೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಆ ಮನೆಯ ಸಾಲಿನಲ್ಲಿ ‘ಇಲ್ಲ’ ಎಂಬುದನ್ನು ಉಳಿದವಕ್ಕಿಂತ ದಪ್ಪಗೆ ಬರೆದ.

ವಹಿ ತುಂಬಿತು. ಅದರ ನಕಲನ್ನು ತೋರಿಸಿ ಮೆಹಬೂಬಸಾಬ ರಾಮದುರ್ಗದ ಕಚೇರಿಯಲ್ಲಿ, ಮರೆವ್ವನ ಕಾರ್ಡನ್ನು ಯುಗಾದಿಯವರೆಗೆ ಬಂದ್ ಮಾಡದಂತೆ ಬರೆಸಿಕೊಂಡು ಬಂದ. ಯುಗಾದಿಯವರೆಗೆ ಮಾತ್ರ, ಎಂದು ಅಲ್ಲಿಯವರು ಎರಡು ಸಲ ಹೇಳಿದ್ದರು.

ದಸರಾ ಕಳೆದು, ರೇಷನ್ ಬಂದ ದಿನವೇ, ಆಸಿಫ್ ಮತ್ತೆ ಬಂದ. ಈ ಸಲ ಅವನ ಜೊತೆ ಬೆಳಗಾವಿಯ ಹಿರಿಯ ಅಧಿಕಾರಿಯೊಬ್ಬರಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಕಾರಿನಿಂದಿಳಿದು ಬೆವರು ಒರೆಸಿಕೊಂಡರು.

“ಮೇಲೆ ಒಳ್ಳೆ ಗಾಳಿ ಇದೆಯಂತಲ್ಲ, ಅಲ್ಲೇ ಕೂತು ಕಾಗದಪತ್ರ ನೋಡೋಣವೇ?”

ಸತ್ಯಪ್ಪ ಒಂದು ಗಳಿಗೆ ಗುಡ್ಡದ ಕಡೆ ನೋಡಿದ. ಬೇವಿನ ಮರ ಗಾಳಿಗೆ ತೂಗುತ್ತಿತ್ತು.

“ಅಲ್ಲಿಗೆ ಕಡೀಕ ಹೋಗೂನ್ರಿ. ಮೊದಲ ಇಲ್ಲಿ ಬರ್ರಿ. ತಲಿ ಸ್ವಲ್ಪ ಬಗ್ಗಿಸ್ರಿ.”

ಮರೆವ್ವನ ಮನೆಯಲ್ಲಿ ಖುರ್ಚಿ ಇರಲಿಲ್ಲ. ಸತ್ಯಪ್ಪ ಗೋಣಿಚೀಲ ಕೊಡವಿ ಹಾಸಿದ. ಅಧಿಕಾರಿ ಬೂಟು ಬಿಚ್ಚಿ ಅದರ ಮೇಲೆ ಕೂತರು. ಒಲೆಯ ಹೊಗೆಗೆ ಅವರ ಕಣ್ಣಲ್ಲಿ ನೀರು ಬಂತು. ರಾಣಿ ನೀರಿನ ತಂಬಿಗೆ ತಂದಿಟ್ಟಳು. ಮೆಹಬೂಬಸಾಬ ಚೀಲದಿಂದ ಯಂತ್ರ ತೆಗೆದು, ಮರೆವ್ವನ ಹೆಬ್ಬೆರಳನ್ನು ಎಂದಿನಂತೆ ಎರಡು ಸಲ ಒರೆಸಿ ಇಡಿಸಿದ. ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತತೊಡಗಿತು. ಸುತ್ತಿತು. ಆಸಿಫ್ ತನ್ನ ಎರಡೂ ಫೋನುಗಳನ್ನು ಹೊಸ್ತಿಲ ಮೇಲಿಟ್ಟ. ಒಂದರಲ್ಲೂ ಕಡ್ಡಿ ಏಳಲಿಲ್ಲ. ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ಮರೆವ್ವ ಹೆಬ್ಬೆರಳನ್ನು ಎತ್ತಲಿಲ್ಲ.

“ಸಾಕು ಅಜ್ಜಿ, ತೆಗೀರಿ” ಎಂದರು ಅಧಿಕಾರಿ.

“ಇನ್ನ ಚೀಟಿ ಬಂದಿಲ್ಲಲ್ರಿ.”

ಅಧಿಕಾರಿ ಅವಳ ಬೆರಳನ್ನೇ ನೋಡುತ್ತ ಕೂತರು. ಆಮೇಲೆ ಆಸಿಫ್‌ನ ಕೈಯಿಂದ ಕಾಗದ ತೆಗೆದುಕೊಂಡು ತಾವೇ ಬರೆದರು. ಕೆಳಗೆ ಸತ್ಯಪ್ಪ ಸಹಿ ಮಾಡಿದ. ಅಂದು ಅವರು ಹನ್ನೊಂದು ಮನೆಗಳ ಹೊಸ್ತಿಲಲ್ಲಿ ಅಳೆದರು. ಹಾಸುಗಲ್ಲಿಗೆ ಹೋಗಲು ಹೊತ್ತೇ ಉಳಿಯಲಿಲ್ಲ. ಉಪ್ಪಿಟ್ಟನ್ನು ಜುಬೇದಾಬಿಯ ಕಟ್ಟೆಯ ಮೇಲೆ ಕೂತು ತಿಂದರು.

ಯುಗಾದಿಗೆ ಹತ್ತು ದಿನವಿದ್ದಾಗ ಸಾಲೆಯ ಹಿಂದಿನ ದಿಬ್ಬದ ಮೇಲೆ ತೆಳ್ಳನೆಯದೊಂದು ಕಂಬ ನಿಂತಿತು. ಆ ತಿಂಗಳು ಮೆಹಬೂಬಸಾಬ ಗುಡ್ಡ ಹತ್ತಲಿಲ್ಲ. ಮರೆವ್ವನ ಹೊಸ್ತಿಲಿಗೆ ಬಂದು ಕೂತ. ಎರಡನೆಯ ಸಲಕ್ಕೇ ಚೀಟಿ ಬಂತು. ಅವಳು ಅದನ್ನು ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿ, ಸೆರಗಿಗೆ ಕಟ್ಟಿಕೊಂಡಳು.

ಸತ್ಯಪ್ಪ ವಹಿಯನ್ನು ಬಿಡಲಿಲ್ಲ. ತಿಂಗಳ ಮೊದಲ ಸೋಮವಾರ ಅದನ್ನು ಹಿಡಿದು ಊರು ಸುತ್ತುತ್ತಾನೆ. ಬಹಳ ಮನೆಗಳಲ್ಲಿ ಈಗ ಎರಡು ಕಡ್ಡಿ, ಮೂರು ಕಡ್ಡಿ. ಗುಡ್ಡದ ಮಗ್ಗುಲಿಗೆ ಒತ್ತಿಕೊಂಡಿರುವ ನಾಲ್ಕು ಮನೆಗಳಿಗೆ ಮಾತ್ರ ರೇಂಜ್ ಇನ್ನೂ ಮುಟ್ಟಿಲ್ಲ. ಅವುಗಳಲ್ಲಿ ಒಂದು ಸತ್ಯಪ್ಪನದೇ. ಅವನು ಮೊದಲ ಸಾಲಿನಲ್ಲಿ ತನ್ನ ಮನೆಯ ಹೆಸರು ಬರೆದು, ಅದರ ಮುಂದೆ ‘ಇಲ್ಲ’ ಎಂದು ಬರೆದೇ ಮುಂದಿನ ಮನೆಗೆ ಹೋಗುತ್ತಾನೆ. ನಕಲು ಆಸಿಫ್‌ಗೆ ಹೋಗುತ್ತದೆ. ಅವನು ಈಗಲೂ ಊರುಗಳನ್ನು ಅಳೆಯುತ್ತಾನೆ, ದಿನಕ್ಕೆ ಐದು ಮಾತ್ರ.

ಸಂಜೆ ದನ ಕಟ್ಟಿದ ಮೇಲೆ ಸತ್ಯಪ್ಪ ಫೋನು ಹಿಡಿದು ಮರೆವ್ವನ ಮನೆಯ ಮುಂದೆ ಬಂದು ನಿಲ್ಲುತ್ತಾನೆ.

“ಸ್ವಲ್ಪ ಕುಂದರತೇನಿ ಯವ್ವಾ. ಬೈಲಹೊಂಗಲಕ ಮಗಳಿಗೆ ಹಚ್ಚಬೇಕು.”

“ಹೊಗಿ ಐತಿ, ಸೆಕಿ ಐತಿ, ಖುರ್ಚಿ ಇಲ್ಲ” ಎನ್ನುತ್ತಾಳೆ ಅವಳು ಒಳಗಿನಿಂದ. “ಮೆಂಬರ್ರನ್ನ ಇಲ್ಲಿ ಹೆಂಗ ಕುಂದ್ರಸಲಿ?”

ಅವನು ನಗುತ್ತ ಮೆಟ್ಟಿಲ ಮೇಲೆ ಕೂರಲು ಹೋದಾಗ, ಅವಳು ತಡೆದು, ಮೆಹಬೂಬಸಾಬ ಬಿಟ್ಟುಹೋದ ಹಳೆಯ ಟಾವೆಲ್ಲನ್ನು ತಂದು ಹಗಲ ಬಿಸಿಲಿಗೆ ಕಾದ ಆ ಮೆಟ್ಟಿಲ ಕಲ್ಲಿನ ಮೇಲೆ ಹಾಸುತ್ತಾಳೆ.